ಕಾರಿನ ಬಣ್ಣದ ಮೇಲೆ ಒಣಗಿ ಕೂತ ಮರದ ಅಂಟನ್ನು ಹೊಳಪು ಕೆಡದಂತೆ ತೆಗೆಯುವುದು ಹೇಗೆ?

ಜಯನಗರವಾಸಿ ಕೇಳಿದ್ದು:

ನಮ್ಮ ಮನೆ ಜಯನಗರದ ಒಂದು ಅಡ್ಡರಸ್ತೆಯಲ್ಲಿದೆ. ಒಳಗೆ ಜಾಗವಿಲ್ಲದ ಕಾರಣ ಕಾರನ್ನು ಎದುರಿನ ಹಳೆಯ ಮಳೆಮರದ ಕೆಳಗೆ, ಪಕ್ಕದ ಮನೆಯ ಕಾಂಪೌಂಡಿಗೆ ಒತ್ತಿ ನಿಲ್ಲಿಸುತ್ತೇವೆ. ತಂದೆಯವರ ಅನಾರೋಗ್ಯದ ನಿಮಿತ್ತ ಏಪ್ರಿಲ್ ಕೊನೆಯಲ್ಲಿ ಊರಿಗೆ ಹೋದವನು ಮೂರು ವಾರಗಳ ನಂತರ ಹಿಂತಿರುಗಿ ನೋಡಿದರೆ, ಕಡುನೀಲಿ ಬಣ್ಣದ ಕಾರಿನ ಮೇಲ್ಛಾವಣಿಯಿಡೀ ಸಾಸಿವೆ ಗಾತ್ರದ ಜಿಗುಟು ಚುಕ್ಕೆಗಳಿಂದ ತುಂಬಿಹೋಗಿತ್ತು. ಅವುಗಳ ಮೇಲೆ ಮಸಿಯಂತಹ ಕಪ್ಪು ಪುಡಿ ಹಿಡಿದಿದೆ. ಅದಲ್ಲದೆ ಬಾನೆಟ್ಟಿನ ಎಡಭಾಗದಲ್ಲಿ ಮತ್ತು ಹಿಂಬಾಗಿಲಿನ ಮೇಲೆ ಹತ್ತು ಹನ್ನೆರಡು ದಪ್ಪ ಕಂದು ಹನಿಗಳು ಗಟ್ಟಿಯಾಗಿ ಕೂತಿವೆ.

ಕಾರಿಗೆ ಎಂಟು ವರ್ಷವಾಗಿದೆ. ಹಿಂಬಾಗಿಲಿಗೆ ಎರಡು ವರ್ಷದ ಹಿಂದೆ ಹೊರಗಿನ ಗ್ಯಾರೇಜಿನಲ್ಲಿ ಮತ್ತೆ ಬಣ್ಣ ಹೊಡೆಸಿದ್ದೇವೆ. ಉಗುರಿನಿಂದ ಒಂದು ಹನಿಯನ್ನು ಎಬ್ಬಿಸಲು ನೋಡಿ, ಬಣ್ಣವೇ ಕಿತ್ತುಬರುವುದೇನೋ ಎಂದು ಹೆದರಿ ಬಿಟ್ಟೆ. ಒಬ್ಬರು ಪೆಟ್ರೋಲ್ ಎನ್ನುತ್ತಾರೆ, ಇನ್ನೊಬ್ಬರು ಥಿನ್ನರ್ ಎನ್ನುತ್ತಾರೆ. ಸ್ವತಃ ಮಾಡಿ ನೋಡಿದವರು ದಯವಿಟ್ಟು ತಿಳಿಸಬೇಕು.

ಮಾವಿನತೋಪು ಉತ್ತರಿಸಿದ್ದು:

ನಿಮ್ಮ ಕಾರಿನ ಮೇಲಿರುವುದು ಒಂದೇ ಪದಾರ್ಥವಲ್ಲ. ಮೇಲ್ಛಾವಣಿಯ ಸಣ್ಣ ಚುಕ್ಕೆಗಳು ನೇರವಾಗಿ ಮರದಿಂದ ಸುರಿದವೂ ಅಲ್ಲ. ಎಲೆ ಮತ್ತು ಎಳೆಯ ರೆಂಬೆಗಳ ರಸವನ್ನು ಹೀರುವ ಜಿಗಿಹುಳು, ಸಸ್ಯಹೇನು, ಶಲ್ಕಕೀಟಗಳು ತಮಗೆ ಬೇಕಾದ ಸಾರವನ್ನು ಇಟ್ಟುಕೊಂಡು, ಉಳಿದ ಸಕ್ಕರೆಯ ನೀರನ್ನು ಹನಿಹನಿಯಾಗಿ ಹೊರಹಾಕುತ್ತವೆ. ಆ ಸಿಹಿಯ ಮೇಲೆ ಬೆಳೆಯುವ ಶಿಲೀಂಧ್ರವೇ ನೀವು ಕಂಡ ಕಪ್ಪು ಪುಡಿ. ಶ್ರೀನಿವಾಸಪುರದ ಕಡೆ ನಮ್ಮ ತೋಟದಲ್ಲಿ ಮಾವು ಹೂಬಿಟ್ಟಾಗ ಜಿಗಿಹುಳು ಹೆಚ್ಚಾದರೆ ಎಲೆಗಳೆಲ್ಲ ಹೀಗೆಯೇ ಕಪ್ಪಗಾಗುತ್ತವೆ. ಅದನ್ನು ಪ್ರತಿ ವರ್ಷ ನೋಡುವ ನನಗೆ ನಿಮ್ಮ ವರ್ಣನೆಯಲ್ಲಿ ಅನುಮಾನ ಉಳಿಯಲಿಲ್ಲ.

ಸಕ್ಕರೆಯಾದ್ದರಿಂದ ಅದಕ್ಕೆ ಯಾವ ರಾಸಾಯನಿಕವೂ ಬೇಡ, ನೀರೇ ಸಾಕು. ಆದರೆ ನೀರಿಗೆ ಕೆಲಸ ಮಾಡಲು ಸಮಯ ಕೊಡಬೇಕು. ಬೆಳಗ್ಗೆ ಬಿಸಿಲೇರುವ ಮೊದಲು, ಲೋಹ ತಣ್ಣಗಿರುವಾಗ, ಮೊದಲು ಬರಿಯ ನೀರು ಹಾಕಿ ಧೂಳನ್ನು ಇಳಿಸಿ. ಬೆಂಗಳೂರಿನ ರಸ್ತೆಯ ಧೂಳಿನಲ್ಲಿ ಕಲ್ಲುಪುಡಿಯೇ ಹೆಚ್ಚು, ಅದರ ಮೇಲೆಯೇ ಬಟ್ಟೆ ಎಳೆದರೆ ಅಂಟಿಗಿಂತ ದೊಡ್ಡ ಹಾನಿ ನಿಮ್ಮ ಕೈಯಿಂದಲೇ ಆಗುತ್ತದೆ. ಆಮೇಲೆ ಕೈ ತಾಳುವಷ್ಟು ಬಿಸಿಯಾದ ನೀರಿನಲ್ಲಿ ಕಾರ್ ಶಾಂಪೂ ಬೆರೆಸಿ, ಅದರಲ್ಲಿ ನೆನೆಸಿದ ದಪ್ಪ ಮೈಕ್ರೋಫೈಬರ್ ಬಟ್ಟೆಯನ್ನು ಚುಕ್ಕೆಗಳಿರುವ ಕಡೆ ಐದಾರು ನಿಮಿಷ ಹೊದಿಸಿಡಿ. ಬಟ್ಟೆ ಆರುವ ಮೊದಲೇ ಮತ್ತೆ ಬಿಸಿನೀರು ಸುರಿಯಿರಿ. ಎರಡು ಮೂರು ಸುತ್ತಿನಲ್ಲಿ ಚುಕ್ಕೆಗಳು ಕರಗಿ ಹರಿಯುತ್ತವೆ.

ನೀರಿನ ಬಗ್ಗೆಯೂ ಒಂದು ಮಾತು ಹೇಳಬೇಕು. 2024ರ ಮಾರ್ಚಿನಲ್ಲಿ ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಪಡಿಸಿದಂದಿನಿಂದ ನಮ್ಮಲ್ಲಿ ಬಹಳ ಜನ ಕೊಳವೆಬಾವಿಯ ನೀರನ್ನೇ ಬಳಸುತ್ತಿದ್ದೇವೆ. ಗಡಸು ನೀರು ಕಾರಿನ ಮೇಲೆ ತಾನಾಗಿಯೇ ಒಣಗಿದರೆ ಬಿಳಿಯ ಕಲೆ ಉಳಿಯುತ್ತದೆ. ತೊಳೆದ ಕೂಡಲೇ ಒಣಬಟ್ಟೆಯಿಂದ ಒತ್ತಿ ಒರೆಸಿ.

ಕಂದು ಹನಿಗಳ ವಿಷಯ ಬೇರೆ. ಅವು ಯಾವ ಮರದ್ದೆಂದು ತಲೆಯೆತ್ತಿ ನೋಡಿ ತಿಳಿಸಿ.

ಬೂತ್ ಕೆಲಸಗಾರ ಉತ್ತರಿಸಿದ್ದು:

ಕಾರುಗಳಿಗೆ ಬಣ್ಣ ಹೊಡೆಯುವ ಕೆಲಸವನ್ನು ಹದಿನಾಲ್ಕು ವರ್ಷ ಮಾಡಿದ್ದೇನೆ. ಹೊಳಪಿರುವುದು ಬಣ್ಣದಲ್ಲಿ ಅಲ್ಲ, ಅದರ ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್ ಕೋಟಿನಲ್ಲಿ. ಅದರ ದಪ್ಪ ಸುಮಾರು 40ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳು. ಉಗುರು, ಬ್ಲೇಡು, ಪಾತ್ರೆ ತಿಕ್ಕುವ ನಾರು, ಇವುಗಳಲ್ಲಿ ಯಾವುದು ತಾಗಿದರೂ ಆ ಪದರದಲ್ಲಿ ಗೆರೆ ಬೀಳುತ್ತದೆ.

ನಿಮ್ಮ ಹಿಂಬಾಗಿಲಿನ ಬಗ್ಗೆ ನನಗೆ ಹೆಚ್ಚು ಚಿಂತೆ. ಕಾರ್ಖಾನೆಯ ಬಣ್ಣವನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸಿರುತ್ತಾರೆ. ಹೊರಗಿನ ಒಳ್ಳೆಯ ಗ್ಯಾರೇಜಿನಲ್ಲಿ ಬಣ್ಣವನ್ನು ಗಟ್ಟಿಯಾಗಿಸುವ ಹಾರ್ಡನರ್ ಬೆರೆಸಿ ಸುಮಾರು 60 ಡಿಗ್ರಿಯಲ್ಲಿ ಒಣಗಿಸುತ್ತಾರೆ. ಅಗ್ಗದ ಕೆಲಸವಾದರೆ ಹಾರ್ಡನರ್ ಇಲ್ಲದ ಬಣ್ಣ ಹೊಡೆದು ಗಾಳಿಗೇ ಬಿಡುತ್ತಾರೆ. ಅಂತಹ ಬಣ್ಣವನ್ನು ಥಿನ್ನರ್ ಕರಗಿಸಿಯೇ ಬಿಡುತ್ತದೆ, ಏಕೆಂದರೆ ಅದನ್ನು ಕಲಸಿದ್ದೇ ಥಿನ್ನರಿನಲ್ಲಿ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ ಗಿರಾಕಿಯೊಬ್ಬರ ಬಿಳಿ ಕಾರಿನ ಅಂಟನ್ನು ನಾನೇ ಥಿನ್ನರಿನಿಂದ ಒರೆಸಿ, ಬಣ್ಣದ ಅಡಿಯ ಪದರವಾದ ಪ್ರೈಮರ್ ಅಂಗೈಯಗಲ ಕಾಣುವಂತೆ ಮಾಡಿದ್ದೆ. ಅವರು ಮಾತನಾಡದೆ ನಿಂತದ್ದು ಇನ್ನೂ ನೆನಪಿದೆ.

ಪೆಟ್ರೋಲನ್ನೂ ಮುಟ್ಟಬೇಡಿ. ಮನೆಯೆದುರು ಅದನ್ನು ಬಟ್ಟೆಗೆ ಸುರಿದುಕೊಳ್ಳುವುದು ಬೆಂಕಿಯ ಅಪಾಯ. ಮರದ ರಾಳಕ್ಕೆ ಔಷಧಿ ಅಂಗಡಿಯಲ್ಲಿ ಸಿಗುವ ಐಸೋಪ್ರೊಪೈಲ್ ಆಲ್ಕೋಹಾಲ್ ಒಳ್ಳೆಯದು. ಹತ್ತಿಯಲ್ಲಿ ಅದ್ದಿ, ಹನಿಯ ಮೇಲೆ ಅರ್ಧ ನಿಮಿಷ ಸುಮ್ಮನೆ ಒತ್ತಿ ಹಿಡಿದು, ತಿಕ್ಕದೆ ಮೇಲಕ್ಕೆ ಎತ್ತಿ, ನೀರಿನಿಂದ ತೊಳೆಯಿರಿ. ಯಾವುದನ್ನೇ ಬಳಸುವುದಿದ್ದರೂ ಮೊದಲು ಬಾಗಿಲಿನ ಒಳಅಂಚಿನಲ್ಲಿ ಬಿಳಿಬಟ್ಟೆಯಿಂದ ಪರೀಕ್ಷಿಸಿ. ಬಟ್ಟೆಗೆ ನೀಲಿ ಹತ್ತಿದರೆ ಅಲ್ಲಿಗೇ ನಿಲ್ಲಿಸಿ.

ಜಯನಗರವಾಸಿ ಬರೆದದ್ದು:

ಬಿಸಿನೀರಿನ ಬಟ್ಟೆಗೆ ಮೇಲ್ಛಾವಣಿಯ ಚುಕ್ಕೆಗಳೆಲ್ಲ ಮೂರನೆಯ ಸುತ್ತಿನಲ್ಲಿ ಹೋದವು, ಕಪ್ಪೂ ಜೊತೆಯಲ್ಲೇ ಇಳಿಯಿತು. ಕಂದು ಹನಿಗಳು ಮಾತ್ರ ಆಲ್ಕೋಹಾಲಿಗೆ ಜಗ್ಗಲಿಲ್ಲ. ಸೂಚಿಸಿದಂತೆ ತಲೆಯೆತ್ತಿ ನೋಡಿದೆ: ಪಕ್ಕದ ಮನೆಯ ಹಲಸಿನ ಮರದ ಕೊಂಬೆಯೊಂದು ಕಾಂಪೌಂಡ್ ದಾಟಿ ನಮ್ಮ ಬಾನೆಟ್ಟಿನ ನೇರಕ್ಕೆ ಬಂದಿದೆ. ನಾನು ಊರಲ್ಲಿದ್ದಾಗ ಅದರಿಂದ ಮೂರು ಕಾಯಿ ಇಳಿಸಿದ್ದಾರೆ, ಕೊಯ್ದ ತೊಟ್ಟುಗಳು ಇನ್ನೂ ಕಾಣುತ್ತಿವೆ.

ತೀರ್ಥಹಳ್ಳಿ ಮೂಲದವಳು ಉತ್ತರಿಸಿದ್ದು:

ಹಾಗಿದ್ದರೆ ಅದು ರಾಳವಲ್ಲ, ಹಲಸಿನ ಮೇಣ. ತೊಟ್ಟಿನಿಂದ ಹಾಲಿನಂತೆ ಬಿಳಿಯಾಗಿ ತೊಟ್ಟಿಕ್ಕಿ, ಬಿಸಿಲಿಗೆ ಕಂದಾಗಿ ಬಿಗಿಯುತ್ತದೆ. ಅದರಲ್ಲಿ ರಬ್ಬರಿನ ಅಂಶವಿರುವುದರಿಂದ ನೀರಿಗೂ ಸ್ಪಿರಿಟ್ಟಿಗೂ ಬಗ್ಗುವುದಿಲ್ಲ, ಎಣ್ಣೆಗೆ ಬಗ್ಗುತ್ತದೆ. ಹಲಸು ಕೊಯ್ಯುವ ಮೊದಲು ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರಿಕೊಳ್ಳುವುದನ್ನು ನಮ್ಮ ಮನೆಗಳಲ್ಲಿ ಮಕ್ಕಳಿಗೂ ಹೇಳಿಕೊಡಬೇಕಾಗಿಲ್ಲ. ಕಾರಿಗೂ ಅದೇ ದಾರಿ.

ಬೆಚ್ಚಗಿನ ಕೊಬ್ಬರಿ ಎಣ್ಣೆಯಲ್ಲಿ ನೆನೆಸಿದ ಹತ್ತಿಯನ್ನು ಪ್ರತಿ ಹನಿಯ ಮೇಲೆ ಇಟ್ಟು, ನೆರಳಿನಲ್ಲಿ ಅರ್ಧ ಗಂಟೆ ಬಿಡಿ. ಆಮೇಲೆ ಬೆರಳಿನ ತುದಿಯ ಮೆತ್ತನೆಯ ಭಾಗದಿಂದ ಅಂಚಿನಿಂದ ಒಳಗೆ ಉರುಳಿಸುತ್ತ ಬಂದರೆ ಮೇಣ ಉಂಡೆಯಾಗಿ ಸುತ್ತಿಕೊಳ್ಳುತ್ತದೆ. ಬರದಿದ್ದರೆ ಬಲ ಹಾಕದೆ ಮತ್ತೊಮ್ಮೆ ಎಣ್ಣೆ ಇಡಿ. ನಮ್ಮ ಅಂಗಳದಲ್ಲಿ ನಿಂತ ಅಣ್ಣನ ಜೀಪಿಗೆ ಹೀಗೆ ಮಾಡಲು ಇಡೀ ಮಧ್ಯಾಹ್ನ ಹಿಡಿದಿತ್ತು, ಆದರೆ ಒಂದು ಗೆರೆಯೂ ಬೀಳಲಿಲ್ಲ. ಕೊನೆಗೆ ಎಣ್ಣೆಯ ಜಿಡ್ಡನ್ನು ಶಾಂಪೂವಿನಿಂದ ತೊಳೆಯಿರಿ, ಇಲ್ಲವಾದರೆ ಧೂಳು ಹಿಡಿಯುತ್ತದೆ.

ಜಯನಗರವಾಸಿ ಬರೆದದ್ದು:

ಎರಡು ದಿನ, ಬೆಳಗ್ಗೆ ಮಾತ್ರ ಕೂತು ಮಾಡಿದೆ. ಹಿಂಬಾಗಿಲಿನ ಹನಿಗಳೂ ಸೇರಿ ಎಲ್ಲ ಬಂದವು, ಬಟ್ಟೆಗೆ ಬಣ್ಣ ಹತ್ತಲಿಲ್ಲ. ಬಾನೆಟ್ಟಿನ ಮೇಲೆ ಎರಡು ಕಡೆ ಮಾತ್ರ ಹನಿಯ ಆಕಾರದ ಮಸುಕಾದ ಉಂಗುರ ಉಳಿದಿದೆ. ಓರೆಯಾಗಿ ನೋಡಿದರಷ್ಟೇ ಕಾಣುತ್ತದೆ. ಇದಕ್ಕೆ ಪರಿಹಾರವಿದೆಯೇ?

ಬೂತ್ ಕೆಲಸಗಾರ ಉತ್ತರಿಸಿದ್ದು:

ಬಾನೆಟ್ಟಿನ ಲೋಹ ಬಿಸಿಲಿಗೆ ಕಾದಾಗ ಹನಿಯ ಕೆಳಗಿನ ಕ್ಲಿಯರ್ ಕೋಟ್ ಮೆತ್ತಗಾಗಿ ಗುರುತು ಹಿಡಿದುಕೊಂಡಿದೆ. ಕಣ್ಣು ಮುಚ್ಚಿ ಬೆರಳಾಡಿಸಿ. ತಗ್ಗು ಕೈಗೆ ತಿಳಿಯದಿದ್ದರೆ, ಅತಿ ನಯವಾದ ಪಾಲಿಶನ್ನು ಫೋಮಿನ ತುಂಡಿಗೆ ಹಚ್ಚಿ, ಆ ಜಾಗವನ್ನಷ್ಟೇ ಕೈಯಿಂದ ಹಗುರವಾಗಿ ತಿಕ್ಕಿ, ಮೇಲೆ ವ್ಯಾಕ್ಸ್ ಹಚ್ಚಿ. ತಗ್ಗು ಕೈಗೆ ತಿಳಿದರೆ ಹಾಗೆಯೇ ಬಿಟ್ಟುಬಿಡಿ. ಅದನ್ನು ಸಮ ಮಾಡಲು ಹೊರಟರೆ ಇರುವ 40 ಮೈಕ್ರಾನ್ ಕೂಡ ಉಳಿಯುವುದಿಲ್ಲ. ಆಲ್ಕೋಹಾಲ್ ಮತ್ತು ಎಣ್ಣೆ ತಾಗಿದ ಕಡೆಯೆಲ್ಲ ಹಳೆಯ ವ್ಯಾಕ್ಸ್ ಹೋಗಿರುತ್ತದೆ, ಆದ್ದರಿಂದ ಇಡೀ ಬಾನೆಟ್ಟಿಗೂ ಬಾಗಿಲಿಗೂ ಹೊಸದಾಗಿ ಹಚ್ಚಬೇಕು.

ಮಾವಿನತೋಪು ಬರೆದದ್ದು:

ಹಲಸಿನ ಹಂಗಾಮು ಇನ್ನೂ ಮುಗಿದಿಲ್ಲ. ಮುಂದಿನ ಕಾಯಿ ಇಳಿಸುವ ದಿನವನ್ನು ಪಕ್ಕದವರಿಂದ ಮೊದಲೇ ಕೇಳಿಕೊಂಡು, ಅಂದು ಕಾರನ್ನು ಹತ್ತಡಿ ಮುಂದೆ ನಿಲ್ಲಿಸಿ.