ಸಹಾಯ ಬೇಕು: ತಪ್ಪೊಪ್ಪಿಕೊಂಡ ಮೇಲೆ ಮೇಲ್ಮನವಿಗೆ ದಾರಿ ಇದೆಯೇ?

ಗುಂಪಿನಲ್ಲಿರುವ ವಕೀಲರು ದಯವಿಟ್ಟು ತಿಳಿಸಿ. ಕಳೆದ ವರ್ಷ ಹೊಡೆದಾಟದ ಪ್ರಕರಣವೊಂದರಲ್ಲಿ ನನ್ನ ತಮ್ಮ ಮ್ಯಾಜಿಸ್ಟ್ರೇಟ್ ಮುಂದೆ ತಪ್ಪೊಪ್ಪಿಕೊಂಡ. ‘ಒಪ್ಪಿಕೊಂಡರೆ ದಂಡ ಕಟ್ಟಿ ಇವತ್ತೇ ಮನೆಗೆ ಹೋಗಬಹುದು’ ಎಂದು ಹೊರಗೆ ಯಾರೋ ಹೇಳಿದ್ದರು, ಜೊತೆಯಲ್ಲಿ ವಕೀಲರಿರಲಿಲ್ಲ. ಅವನು ಯಾರಿಗೂ ಹೊಡೆದವನಲ್ಲ, ಜಗಳ ಬಿಡಿಸಲು ಹೋದವನು. ಈಗ ಕೆಲಸಕ್ಕೆ ಅರ್ಜಿ ಹಾಕಿದಲ್ಲೆಲ್ಲ ಆ ಶಿಕ್ಷೆ ಅಡ್ಡ ಬರುತ್ತಿದೆ.

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 416ನೇ ಕಲಂ (ಇದಕ್ಕೂ ಮೊದಲಿದ್ದ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 375) ಪ್ರಕಾರ, ತಪ್ಪೊಪ್ಪಿಗೆಯ ಮೇಲೆ ಶಿಕ್ಷೆಯಾದರೆ ಶಿಕ್ಷೆಯ ಪ್ರಮಾಣವನ್ನೋ ಕಾನೂನುಬದ್ಧತೆಯನ್ನೋ ಮಾತ್ರ ಮೇಲ್ಮನವಿಯಲ್ಲಿ ಪ್ರಶ್ನಿಸಬಹುದು. ಆದರೆ ಅದೇ ಸುರಕ್ಷಾ ಸಂಹಿತೆಯ 275ನೇ ಕಲಂ, ಆರೋಪಿಯ ಒಪ್ಪಿಗೆಯನ್ನು ಆದಷ್ಟು ಅವನದೇ ಮಾತುಗಳಲ್ಲಿ ದಾಖಲಿಸಬೇಕು ಎನ್ನುತ್ತದೆ. ನಮಗೆ ಸಿಕ್ಕ ದೃಢೀಕೃತ ಪ್ರತಿಯಲ್ಲಿರುವುದು ಅಚ್ಚಾದ ಒಂದು ಸಾಲು, ಖಾಲಿ ಜಾಗದಲ್ಲಿ ಪೆನ್ನಿನಿಂದ ತುಂಬಿದ ತಮ್ಮನ ಹೆಸರು. ಅವನು ಆಡಿದ ಒಂದು ಮಾತೂ ಅಲ್ಲಿಲ್ಲ. ಇದು ನನಗೆ ದೊಡ್ಡ ಲೋಪವಾಗಿಯೇ ಕಾಣುತ್ತದೆ.

ಇದನ್ನೇ ಆಧಾರವಾಗಿಟ್ಟುಕೊಂಡು ಸೆಷನ್ಸ್ ನ್ಯಾಯಾಲಯದಲ್ಲಿ ಪುನರ್‌ಪರಿಶೀಲನಾ ಅರ್ಜಿ (ರಿವಿಷನ್, ಅಂದರೆ ಕೆಳ ನ್ಯಾಯಾಲಯದ ಆದೇಶ ಸರಿಯಿದೆಯೇ ಎಂದು ಮೇಲಿನ ನ್ಯಾಯಾಲಯ ನೋಡುವಂತೆ ಕೋರುವುದು) ಹಾಕಬಹುದೇ? ಅದಕ್ಕಿರುವ 90 ದಿನಗಳ ಗಡುವು ಮೀರಿದೆ. ವಿಳಂಬ ಮನ್ನಿಸುವಂತೆ ಕೋರಲು ಯಾವ ದಾಖಲೆ ಜೋಡಿಸಿಕೊಳ್ಳಬೇಕು? ಇಂಥ ಪ್ರಕರಣ ನಡೆಸಿದ ಅನುಭವವಿದ್ದವರು ಉತ್ತರಿಸಿದರೆ ದೊಡ್ಡ ಉಪಕಾರವಾಗುತ್ತದೆ.