ಮಿಲ್ಲರ್-ರೇಬಿನ್ ಪರೀಕ್ಷೆ 3215031751 ಅವಿಭಾಜ್ಯ ಅಂತಿದೆ, ತಪ್ಪು ಎಲ್ಲಿ?

ಬೆಸಸಂಖ್ಯೆ:
ನಮಸ್ಕಾರ. ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಅಂತ ನೋಡುವ ಮಿಲ್ಲರ್-ರೇಬಿನ್ ಪರೀಕ್ಷೆಯನ್ನು ಸಿ ಭಾಷೆಯಲ್ಲಿ ಬರೆದಿದ್ದೇನೆ. ಆಧಾರ (ಘಾತಕ್ಕೆ ಏರಿಸಿ ಶೇಷ ನೋಡುವ ಸಂಖ್ಯೆಗಳು) 2, 3, 5, 7. ಸರಿ ಇದೆಯಾ ಅಂತ ನೋಡಲು, ಸುಮ್ನೆ ಒಂದೊಂದಾಗಿ ಭಾಗಿಸುತ್ತಾ ಹೋಗುವ ಇನ್ನೊಂದು ಪ್ರೋಗ್ರಾಂ ಜೊತೆ ಹೋಲಿಸಿದೆ. ಉಳಿದ ಕಡೆಯೆಲ್ಲ ಎರಡೂ ಒಂದೇ ಉತ್ತರ ಕೊಟ್ಟವು. 3215031751 ಮಾತ್ರ ಹೊಂದುತ್ತಿಲ್ಲ. ನನ್ನ ಪರೀಕ್ಷೆ ಅವಿಭಾಜ್ಯ ಅನ್ನುತ್ತೆ, ಆದರೆ ಅದು 151ರಿಂದ ಭಾಗವಾಗುತ್ತದೆ! ಎರಡು ದಿನದಿಂದ ಕೋಡ್ ಸಾಲುಸಾಲಾಗಿ ಓದಿದೆ, ಏನೂ ಸಿಗಲಿಲ್ಲ.

ಕಾಫಿತೋಟ:
ಈ ಸಂಖ್ಯೆ 2147483647 ದಾಟಿದೆ. ಸೈನ್ಡ್ ಇಂಟ್‌ನಲ್ಲಿ ಇಟ್ಟಿದ್ದರೆ ಅದರಲ್ಲಿ ಹಿಡಿಯದೆ ಓವರ್‌ಫ್ಲೋ ಆಗುತ್ತದೆ. ಪ್ರತಿ ಆಧಾರಕ್ಕೂ ಬರುವ ಶೇಷ ಪ್ರಿಂಟ್ ಮಾಡಿ ಇಲ್ಲಿ ಹಾಕಿ.

ಬೆಸಸಂಖ್ಯೆ:
ಎಲ್ಲ ಕಡೆ 64 ಬಿಟ್ ಅನ್‌ಸೈನ್ಡ್ ಇದೆ ಸರ್. ಶೇಷಗಳು: 2ಕ್ಕೆ 1, 3ಕ್ಕೆ 3215031750, 5ಕ್ಕೆ 1, 7ಕ್ಕೆ 3215031750.

ಶೇಷ_ಒಂದು:
ನಿಮ್ಮ ಕೋಡ್ ಸರಿಯಾಗಿದೆ. ಈ ನಾಲ್ಕೂ ಆಧಾರಗಳನ್ನು ದಾಟಿಬಿಡುವ ಮೊದಲ ಸಂಯುಕ್ತ ಸಂಖ್ಯೆಯೇ ಇದು. 2500 ಕೋಟಿಯೊಳಗೆ ಇಂಥದ್ದು ಇದೊಂದೇ. 1980ರಲ್ಲಿ ಪೊಮರೆನ್ಸ್, ಸೆಲ್‌ಫ್ರಿಡ್ಜ್, ವ್ಯಾಗ್‌ಸ್ಟಾಫ್ ಅಲ್ಲಿಯವರೆಗೂ ಹುಡುಕಿ ಪ್ರಕಟಿಸಿದ್ದರು. ನೀವು ತಾಳ್ಮೆಯಿಂದ ಹೋಲಿಸಿದ್ದಕ್ಕೇ ಇದು ಕೈಗೆ ಸಿಕ್ಕಿದ್ದು, ನನಗಂತೂ ತುಂಬಾ ಖುಷಿಯಾಯಿತು.

ಒಳಗೆ ಏನಾಗುತ್ತಿದೆ ನೋಡಿ. 3215031751 = 151 × 751 × 28351. ಒಂದು ಕಡಿಮೆ ಮಾಡಿದರೆ ಬರುವ 3215031750 ಅನ್ನು 150, 750, 28350 ಮೂರೂ ಭಾಗಿಸುತ್ತವೆ. ಅಂದರೆ ಇದು ಕಾರ್ಮೈಕಲ್ ಸಂಖ್ಯೆ, ಘಾತದ ಸರಳ ಪರೀಕ್ಷೆಯಲ್ಲಿ ಅವಿಭಾಜ್ಯದಂತೆಯೇ ನಟಿಸುವ ಸಂಯುಕ್ತ ಸಂಖ್ಯೆ. 3215031750ರ ಅರ್ಧ 1607515875, ಬೆಸ. ಹಾಗಾಗಿ ನಿಮ್ಮ ಪರೀಕ್ಷೆ ಈ ಒಂದೇ ಘಾತದಲ್ಲಿ ಮುಗಿಯುತ್ತದೆ. ಆ ಘಾತಕ್ಕೆ ಏರಿಸಿ ಮೂರು ಅಪವರ್ತನಗಳಿಂದ ಬೇರೆಬೇರೆಯಾಗಿ ಭಾಗಿಸಿದರೆ, ಪ್ರತಿಯೊಂದರಲ್ಲೂ ಶೇಷ +1 ಅಥವಾ −1 ಬರಲೇಬೇಕು. ಮೂರರಲ್ಲೂ ಒಂದೇ ಚಿಹ್ನೆ ಬಂದರೆ ಇಡೀ ಸಂಖ್ಯೆಗೂ ಶೇಷ 1 ಅಥವಾ −1 (ಅಂದರೆ 3215031750) ಆಗಿ, ಅವಿಭಾಜ್ಯ ಅಂದುಕೊಂಡು ಪರೀಕ್ಷೆ ಮೋಸ ಹೋಗುತ್ತದೆ. 2 ಮತ್ತು 5ಕ್ಕೆ ಮೂರೂ +1, 3 ಮತ್ತು 7ಕ್ಕೆ ಮೂರೂ −1. ನೀವು ಕೊಟ್ಟ ಶೇಷಗಳಲ್ಲಿ ಕಾಣುತ್ತಿರುವುದು ಅದೇ ಅಲ್ವಾ?

11 ಸೇರಿಸಿ ನೋಡಿ. ಅಲ್ಲಿ 151ಕ್ಕೆ +1, ಉಳಿದೆರಡಕ್ಕೆ −1, ಚಿಹ್ನೆ ಬೇರೆಯಾಗಿ ಗುಟ್ಟು ರಟ್ಟಾಗುತ್ತದೆ.

32 ಬಿಟ್ ಸಂಖ್ಯೆಗಳಷ್ಟೇ ಸಾಕು ಅಂದರೆ 2, 7, 61 ಈ ಮೂರೇ ಆಧಾರ ಸಾಕು, 4759123141ರ ಕೆಳಗೆ ಎಲ್ಲೂ ತಪ್ಪುವುದಿಲ್ಲ. 64 ಬಿಟ್‌ಗೆ 37ರವರೆಗಿನ ಹನ್ನೆರಡು ಅವಿಭಾಜ್ಯಗಳನ್ನೂ ಹಾಕಿ. ಆದರೆ ಆಗ ಗುಣಾಕಾರಕ್ಕೆ 128 ಬಿಟ್ ಬೇಕು, ಅದನ್ನು ಮರೆಯಬೇಡಿ.

ಬೆಸಸಂಖ್ಯೆ:
11 ಹಾಕಿದ ತಕ್ಷಣ ಸಂಯುಕ್ತ ಅಂತ ಬಂತು! ಬಂದ ಶೇಷವನ್ನು 151ರಿಂದ ಭಾಗಿಸಿದೆ, 1 ಉಳಿಯಿತು. 751ರಿಂದ ಭಾಗಿಸಿದರೆ 750, ಅಂದರೆ −1. ನೀವು ಹೇಳಿದ ಹಾಗೇ ಇದೆ. ಈಗ 2, 7, 61 ಇಟ್ಟು ಮತ್ತೆ ಮೊದಲಿಂದ ಓಡಿಸುತ್ತಿದ್ದೇನೆ.