ಪದಚರ್ಚೆ: ಜೀಪಿನ ಹಿಂದಿನ ಆಕ್ಸಲ್ – ಅಚ್ಚೋ, ಇರುಸೋ?

ಬಳಗದ ಎಲ್ಲರಿಗೂ ನಮಸ್ಕಾರ.

ಹಳೆ ಜೀಪುಗಳ ರಿಪೇರಿ ಬಗ್ಗೆ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಮಹೀಂದ್ರ ಸಿಜೆ-3ಬಿ, ಅದೇ, ಬಾನೆಟ್ಟು ಎತ್ತರ ಇರುವ ಜೀಪು. ಮಲೆನಾಡಿನ ಕಾಫಿ ತೋಟಗಳ ಕಡೆ ಹೋದವರು ನೋಡಿಯೇ ಇರುತ್ತೀರಿ. ಎಂಜಿನ್, ಗೇರ್‌ಬಾಕ್ಸ್, ಬ್ರೇಕು ಎಲ್ಲ ಬರೆದದ್ದಾಯ್ತು. ಗ್ಯಾರೇಜಿನಲ್ಲಿ ಏನಂತಾರೋ ಅದನ್ನೇ ಹಾಕುತ್ತಾ ಹೋದೆ, ಏನೂ ತೊಂದರೆ ಆಗಲಿಲ್ಲ. ಹಿಂದಿನ ಆಕ್ಸಲ್ ಬದಲಾಯಿಸುವ ಅಧ್ಯಾಯಕ್ಕೆ ಬಂದಮೇಲೆ ಮಾತ್ರ ಬರವಣಿಗೆ ನಿಂತಿದೆ. ‘ಆಕ್ಸಲ್’ ಅನ್ನೋ ಒಂದೇ ಪದಕ್ಕೆ ಮೂರು ಅರ್ಥ ಇವೆ. ಮೂರೂ ನಮ್ಮ ಜನರ ಬಾಯಲ್ಲೇ ಇವೆ.

‘ಮಲ್ಟಿ ಆಕ್ಸಲ್ ಬಸ್’ ಅಂತ ಕೆಎಸ್ಆರ್‌ಟಿಸಿ ಟಿಕೆಟ್ ಬುಕ್ ಮಾಡುವವರಿಗೆಲ್ಲ ಗೊತ್ತು. ಟೋಲ್ ಗೇಟಿನಲ್ಲಿ ಲಾರಿಗೆ ದುಡ್ಡು ಕಟ್ಟುವುದೂ ಆಕ್ಸಲ್ ಲೆಕ್ಕದಲ್ಲೇ. ಅಲ್ಲಿ ಆಕ್ಸಲ್ ಅಂದರೆ ಗಾಲಿಗಳ ಒಂದು ಸಾಲು. ಜೀಪು ತಯಾರಿಸಿದವರ ಪುಸ್ತಕ ತೆಗೆದರೆ ಆಕ್ಸಲ್ ಅಂದರೆ ಈ ಗಾಲಿಯಿಂದ ಆ ಗಾಲಿಯವರೆಗಿನ ಇಡೀ ಜೋಡಣೆ. ಹೊರಗಿನ ಹೌಸಿಂಗ್, ನಡುವಿನ ಕ್ರೌನ್ ಪಿನಿಯನ್ ಅನ್ನೋ ಹಲ್ಲುಚಕ್ರಗಳ ಜೋಡಿ, ಒಳಗಿನ ಶಾಫ್ಟುಗಳು, ಬೇರಿಂಗು, ಎಲ್ಲ ಸೇರಿ. ಗ್ಯಾರೇಜಿನ ಹುಡುಗ ‘ಆಕ್ಸಲ್ ಕಟ್ಟಾಗಿದೆ’ ಅಂದರೆ ಅವನು ಹೇಳುತ್ತಿರುವುದು ಒಳಗೆ ತಿರುಗುವ ಒಂದು ಸಲಾಕೆಯ ಬಗ್ಗೆ ಮಾತ್ರ.

ಇದು ಸುಮ್ನೆ ಪದದ ಜಗಳ ಅಲ್ಲ. ನಮ್ಮ ಅಣ್ಣನ ಜೀಪಿನಲ್ಲಿ ಹಿಂದಿನ ಎಡಗಾಲಿ ಒಂದೇ ಸಮ ಟಕ್ ಟಕ್ ಅನ್ನುತ್ತಿತ್ತು. ಮೆಕ್ಯಾನಿಕ್ ಡ್ರಮ್ ಬಿಚ್ಚಿ ನೋಡಿ ‘ಸಾರ್, ಆಕ್ಸಲ್ ಹೋಗಿದೆ, ಬೇರೆ ಹಾಕಬೇಕು’ ಅಂದ. ಅಣ್ಣ ಇಡೀ ಸೆಟ್ಟೇ ಹೋಯ್ತು ಅಂದುಕೊಂಡು ಗುಜರಿಯವರಿಗೆಲ್ಲ ಫೋನ್ ಮಾಡತೊಡಗಿದರು. ಕೊನೆಗೆ ಸ್ಪೇರ್ ಪಾರ್ಟ್ಸ್ ಅಂಗಡಿಯವರು ‘ಉದ್ದದ್ದಾ, ಗಿಡ್ಡದ್ದಾ?’ ಅಂತ ಕೇಳಿದಾಗಲೇ ವಿಷಯ ಬಿಡಿಸಿಕೊಂಡದ್ದು. ಈ ಜೀಪಿನ ಹಿಂದಿನ ಡಿಫರೆನ್ಷಿಯಲ್, ಅಂದರೆ ಎಂಜಿನ್ನಿನ ಬಲವನ್ನು ಎರಡೂ ಗಾಲಿಗೆ ಹಂಚುವ ಭಾಗ, ನಟ್ಟನಡುವೆ ಇರುವುದಿಲ್ಲ, ಬಲಕ್ಕೆ ಸರಿದಿರುತ್ತದೆ. ಹಾಗಾಗಿ ಎಡಗಡೆಯ ಶಾಫ್ಟ್ ಉದ್ದ, ಬಲಗಡೆಯದು ಗಿಡ್ಡ. ಅಂಗಡಿಯವರ ಆ ಪ್ರಶ್ನೆಯಲ್ಲಿ ಇದ್ದಷ್ಟು ಸ್ಪಷ್ಟತೆ ನನ್ನ ಅಧ್ಯಾಯದಲ್ಲೂ ಇರಬೇಕು ಅನ್ನೋದು ಆಸೆ.

ಈಗ ನಮ್ಮ ಹಳೆ ಪದಗಳಿಗೆ ಬರೋಣ. ಎತ್ತಿನಗಾಡಿಯಲ್ಲಿ ಇದಕ್ಕೆ ಅಚ್ಚು ಅಂತಾರೆ, ಇರುಸು ಅಂತಲೂ ಅಂತಾರೆ. ಅಚ್ಚು ಸಂಸ್ಕೃತದ ಅಕ್ಷದಿಂದ ಬಂದದ್ದು. ಇರುಸು ನಮ್ಮದೇ, ತಮಿಳು ತೆಲುಗಿನವರ ಹತ್ತಿರವೂ ಇದೇ ಪದ ಇದೆ. ಗಾಡಿಯ ಅಚ್ಚು ತಿರುಗುವುದಿಲ್ಲ ಅನ್ನೋದು ಇಲ್ಲಿ ಮುಖ್ಯ. ಅದು ಗಾಡಿಗೆ ಭದ್ರವಾಗಿ ಕೂತಿರುತ್ತದೆ, ಗಾಲಿಯ ನಡುವಿನ ಗುಂಬ ಅದರ ಸುತ್ತ ಸುತ್ತುತ್ತದೆ. ಅಚ್ಚು ಹೊರೆ ಹೊರುತ್ತದೆ ಅಷ್ಟೆ. ಗಾಲಿ ಕಳಚಿ ಹೋಗದ ಹಾಗೆ ತುದಿಯಲ್ಲಿ ಕಡಾಣಿ, ಸವೆಯದ ಹಾಗೆ ಕೀಲೆಣ್ಣೆ. ಎಳೆಯುವ ಕೆಲಸ ಎತ್ತುಗಳದ್ದು.

ಜೀಪಿನಲ್ಲಿ ಎತ್ತು ಇಲ್ಲ. ಎಳೆಯುವ ಬಲ ಎಂಜಿನ್ನಿನಿಂದ ಗಾಲಿಗೇ ಬರಬೇಕು. ಅದಕ್ಕೇ ಅಲ್ಲಿ ಒಂದು ಇದ್ದದ್ದು ಎರಡಾಯಿತು. ಹೊರೆ ಹೊರುವ, ತಿರುಗದ ಕೊಳವೆ ಒಂದು. ಅದರೊಳಗೆ ತಿರುಗಿ ಗಾಲಿಯನ್ನು ಓಡಿಸುವ ಶಾಫ್ಟ್ ಇನ್ನೊಂದು. ಗಾಡಿಯ ಅಚ್ಚಿಗೆ ಸಮ ಆಗುವುದು ಮೊದಲನೆಯದು. ಎರಡನೆಯದು ಗಾಡಿಯಲ್ಲಿ ಇರಲೇ ಇಲ್ಲ. ಆದರೆ ಇವತ್ತು ಗ್ಯಾರೇಜಿನಲ್ಲಿ ಆಕ್ಸಲ್ ಅನ್ನೋ ಹೆಸರು ಹೋಗಿ ಅಂಟಿಕೊಂಡಿರುವುದು ಈ ಎರಡನೆಯದಕ್ಕೇ. ‘ಆಕ್ಸಲ್ ಎಂದರೆ ಅಚ್ಚು’ ಅಂತ ಬರೆದುಬಿಟ್ಟರೆ ಓದುವವನು ತಪ್ಪು ಸಾಮಾನು ಹಿಡಿದು ನಿಲ್ಲುತ್ತಾನೆ.

ಇನ್ನೂ ಒಂದು ತೊಡಕು ಇದೆ. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನಲ್ಲಿ ಹಿಂದಿನ ಆಕ್ಸಲ್ ‘ಫುಲ್ ಫ್ಲೋಟಿಂಗ್’. ಗಾಲಿಯ ಹಬ್, ಅಂದರೆ ಗುಂಬ, ಎರಡು ಬೇರಿಂಗ್ ಮೇಲೆ ಹೌಸಿಂಗಿನ ತುದಿಯಲ್ಲೇ ಕೂತಿರುತ್ತದೆ. ಥೇಟ್ ಎತ್ತಿನಗಾಡಿಯ ಲೆಕ್ಕ. ಶಾಫ್ಟಿಗೆ ಒಂದು ಕೇಜಿ ಭಾರವೂ ಬೀಳದು, ಅದು ತಿರುಗಿಸುತ್ತದೆ ಅಷ್ಟೆ. ಶಾಫ್ಟ್ ಮುರಿದರೂ ಗಾಲಿ ತನ್ನ ಜಾಗದಲ್ಲೇ ಇರುತ್ತದೆ. ಮುರಿದದ್ದನ್ನು ಎಳೆದು ಹೊರಗೆ ಹಾಕಿ, ಫೋರ್ ವೀಲ್ ಹಾಕಿಕೊಂಡು ಮುಂದಿನ ಗಾಲಿಗಳ ಬಲದಲ್ಲಿ ಮನೆ ಸೇರಬಹುದು. ಆಮೇಲೆ ಬಂದ ಸಿವಿಲ್ ಜೀಪುಗಳಲ್ಲಿ, ನಮ್ಮ ಸಿಜೆ-3ಬಿಯಲ್ಲೂ, ಇರುವುದು ‘ಸೆಮಿ ಫ್ಲೋಟಿಂಗ್’. ಇಲ್ಲಿ ಶಾಫ್ಟಿಗೆ ಎರಡು ಕೆಲಸ. ಗಾಲಿಯನ್ನು ತಿರುಗಿಸಲೂ ಬೇಕು, ಜೀಪಿನ ಭಾರವನ್ನೂ ಹೊರಬೇಕು.

ಈ ಫ್ಲೋಟಿಂಗ್‌ಗೆ ‘ತೇಲುವ’ ಅಂತ ಹಾಕಿದ ಅನುವಾದ ಒಂದು ಕಡೆ ಓದಿದೆ. ‘ಅರೆ ತೇಲುವ ಅಚ್ಚು’ ಅಂತೆ. ಜೀಪು ಹೇಮಾವತಿ ನದಿಗೆ ಬಿದ್ದಂತೆ ಕೇಳುತ್ತದೆ. ಇಲ್ಲಿ ತೇಲುವುದು ಮುಳುಗುವುದು ಏನೂ ಇಲ್ಲ, ಹೊರೆ ಯಾರ ಮೇಲೆ ಅನ್ನುವುದಷ್ಟೇ ಮಾತು. ನಾನು ‘ಹೊರೆ ಹೊರುವ ಶಾಫ್ಟ್’, ‘ಹೊರೆ ಹೊರದ ಶಾಫ್ಟ್’ ಅಂತ ಬರೆದುಕೊಂಡಿದ್ದೇನೆ. ಮೊದಲ ಸಲ ಬಂದಾಗ ಪಕ್ಕದಲ್ಲಿ ಗ್ಯಾರೇಜಿನ ಹೆಸರನ್ನೂ ಕೊಡುತ್ತೇನೆ. ಇದಕ್ಕಿಂತ ಚಿಕ್ಕದು ಯಾರಿಗಾದರೂ ಹೊಳೆದರೆ ತಿಳಿಸಿ.

ಹಾಗಾದರೆ ಇಡೀ ಜೋಡಣೆಗೆ ಏನು? ಅಚ್ಚು ಅಂತ ಇಟ್ಟು ನೋಡಿದೆ. ‘ಹಿಂದಿನ ಅಚ್ಚು ಬದಲಾಯಿಸುವುದು’ ಅಂದರೆ ಪುಸ್ತಕದ ಹಿಂದಿನ ಮುದ್ರಣದ ಮಾತು ಅನ್ನಿಸುತ್ತದೆ. ಅಚ್ಚಿನ ಮನೆ, ಅಚ್ಚು ಬೆಲ್ಲ ಇವೆಲ್ಲ ಆ ಪದವನ್ನು ಎಂದೋ ಆಕ್ರಮಿಸಿಕೊಂಡಿವೆ. ಇರುಸು ಅಂತ ಇಟ್ಟರೆ ಓದುವವರಿಗೆ ಮೊದಲು ನೆನಪಾಗುವುದು ಇರುಸುಮುರುಸು. ಆದರೂ ನನ್ನ ಓಟು ಇರುಸಿಗೇ. ಅದಕ್ಕೆ ಬೇರೆ ಕೆಲಸ ಜಾಸ್ತಿ ಇಲ್ಲ, ಚಿಕ್ಕದಾಗಿದೆ, ಹೊರೆ ಹೊರುವ ತಿರುಗದ ಭಾಗ ಅನ್ನೋ ಅರ್ಥ ಮೊದಲಿನಿಂದಲೂ ಇದೆ. ಗಾಡಿ ಕಂಡವರಿಗೆ ವಿವರಿಸಬೇಕಾಗಿಯೂ ಇಲ್ಲ.

ಶಾಫ್ಟಿಗೆ ಗೆಳೆಯರೊಬ್ಬರು ‘ಅರ್ಧದಂಡ’ ಸೂಚಿಸಿದರು. ಎರಡೂ ಕಡೆ ಅರ್ಧರ್ಧ ಇರುತ್ತದೆ, ಹಾಗಾಗಿ. ಬೇಡ ಅಂದೆ. 2023ರಲ್ಲಿ ಸರ್ಕಾರ ಟ್ರಾಫಿಕ್ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟ ಮೇಲೆ ಆ ಪದಕ್ಕೆ ಒಂದೇ ಅರ್ಥ ಉಳಿದಿರುವುದು!

ಕಡಾಣಿ ವಿಷಯಕ್ಕೆ ಸ್ವಲ್ಪ ಜಾಸ್ತಿ ಜಾಗ ತೆಗೆದುಕೊಳ್ಳುತ್ತೇನೆ, ಇದು ನನಗೆ ತುಂಬ ಇಷ್ಟವಾದದ್ದು. ಸಿಜೆ-3ಬಿಯ ಹಿಂದಿನ ಶಾಫ್ಟಿನ ತುದಿ ಚೂಪಾಗುತ್ತಾ ಹೋಗುತ್ತದೆ. ಆ ಇಳಿಜಾರಿನ ಮೇಲೆ ಹಬ್ ಬಿಗಿಯಾಗಿ ಕೂರುತ್ತದೆ. ಹಬ್ಬೂ ಶಾಫ್ಟೂ ಬೇರೆಬೇರೆ ತಿರುಗದ ಹಾಗೆ ನಡುವೆ ಒಂದು ಕಬ್ಬಿಣದ ಕೀ. ಹೊರಗಿನಿಂದ ದೊಡ್ಡ ನಟ್ಟು, ನಟ್ಟು ಸಡಿಲ ಆಗದ ಹಾಗೆ ಅಡ್ಡಕ್ಕೆ ಸ್ಪ್ಲಿಟ್ ಪಿನ್. ಈ ಪಿನ್ ಇದೆಯಲ್ಲ, ಅದು ನಮ್ಮ ಕಡಾಣಿಯೇ. ಜೇಡರ ದಾಸಿಮಯ್ಯನ ವಚನದಲ್ಲಿ ಬರುವ ಕಡೆಗೀಲೂ ಇದೇ. ಹರಿಕಥೆಯಲ್ಲಿ ಕೈಕೇಯಿ ದಶರಥನ ರಥಕ್ಕೆ ಬೆರಳಿಟ್ಟದ್ದು ಇದೇ ಜಾಗದಲ್ಲಿ. ಅಣ್ಣನ ಜೀಪಿನಲ್ಲಿ ನಟ್ಟು ಸಡಿಲವಾಗಿ, ಕೀ ಸವೆದು, ಶಾಫ್ಟಿನಲ್ಲಿ ಕೀ ಕೂರುವ ಗಾಡಿ (ಕೊರೆದ ಸಂದು) ಅಗಲವಾಗಿ ಹೋಗಿತ್ತು. ಟಕ್ ಟಕ್ ಬರುತ್ತಿದ್ದದ್ದು ಅದರಿಂದ. ಕೈಪಿಡಿಯಲ್ಲಿ ಸ್ಪ್ಲಿಟ್ ಪಿನ್ನಿಗೆ ಕಡಾಣಿ ಅಂತ ಬರೆದರೆ ಈಗಿನ ಹುಡುಗರಿಗೆ ತಿಳಿಯುತ್ತದಾ? ಅಲ್ಲದೆ, ಕೀ ಕೂರುವ ಆ ಗಾಡಿಗೂ ಎತ್ತಿನ ಗಾಡಿಗೂ ಒಂದೇ ಕಾಗುಣಿತ ಆಗಿ ಕೂತಿದೆ. ‘ಕೀ ಕೂರುವ ಕೊರಕಲು’ ಅಂತ ಬದಲಾಯಿಸೋಣ ಅಂತಿದ್ದೇನೆ.

ಜೀಪು ಇಟ್ಟುಕೊಂಡವರಲ್ಲಿ ಕೆಲವರು ಈಗ ಹಬ್ಬೂ ಶಾಫ್ಟೂ ಒಂದೇ ತುಂಡಾಗಿರುವ ಹೊಸ ಶಾಫ್ಟ್ ಹಾಕಿಸುತ್ತಾರೆ. ಕೀ ಇಲ್ಲ, ತುದಿಯ ನಟ್ಟಿಲ್ಲ, ಕಡಾಣಿಗೂ ಕೆಲಸ ಇಲ್ಲ. ಇದಕ್ಕೆ ‘ಒಂಟಿ ತುಂಡಿನ ಶಾಫ್ಟ್’ ಸಾಕು ಅನ್ನಿಸಿದೆ.

ಕೊನೆಯದು ಹಲ್ಲಿನ ಲೆಕ್ಕ. ಮೂಲದಲ್ಲಿ ಈ ಜೀಪಿಗೆ 5.38 ರೇಶಿಯೋ, ಅಂದರೆ ಪಿನಿಯನ್ 5.38 ಸುತ್ತು ತಿರುಗಿದರೆ ಕ್ರೌನ್ ಒಂದು ಸುತ್ತು. ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 43. ಘಾಟಿ ಹತ್ತಲು ಚೆನ್ನ, ಹೈವೇಯಲ್ಲಿ ಎಂಜಿನ್ ಒದ್ದಾಡುತ್ತದೆ. 6.00-16 ಟೈರಿನಲ್ಲಿ, ಟಾಪ್ ಗೇರಿನಲ್ಲಿ 60 ಕಿ.ಮೀ. ವೇಗಕ್ಕೆ ಎಂಜಿನ್ ನಿಮಿಷಕ್ಕೆ ಸುಮಾರು 2,400 ಸುತ್ತು ತಿರುಗಬೇಕು. 11 ಮತ್ತು 47 ಹಲ್ಲಿನ, ಅಂದರೆ 4.27ರ ಸೆಟ್ ಹಾಕಿದರೆ ಅದೇ ವೇಗಕ್ಕೆ 1,900 ಸಾಕು. ಇಂಗ್ಲಿಷಿನಲ್ಲಿ ಇವಕ್ಕೆ ಎತ್ತರದ ಗೇರು, ತಗ್ಗಿನ ಗೇರು ಅಂತಾರೆ. ಸಂಖ್ಯೆ ಕಡಿಮೆಯಾದರೆ ಗೇರು ಎತ್ತರ ಆಗುತ್ತದೆ, ಓದುವವರ ತಲೆ ಕೆಡುತ್ತದೆ. ನಮ್ಮ ಮೆಕ್ಯಾನಿಕ್‌ಗಳು ‘ಪುಲ್ಲಿಂಗ್ ಕ್ರೌನ್’, ‘ಸ್ಪೀಡ್ ಕ್ರೌನ್’ ಅಂತ ಮುಗಿಸುತ್ತಾರೆ. ‘ಎಳೆತದ ಕ್ರೌನ್’, ‘ಓಟದ ಕ್ರೌನ್’ ಅಂತ ಬರೆಯಬಹುದಲ್ವಾ? ಜೊತೆಗೆ ಒಂದು ಎಚ್ಚರಿಕೆಯನ್ನು ದಪ್ಪಕ್ಷರದಲ್ಲಿ ಹಾಕುತ್ತಿದ್ದೇನೆ: ಹಿಂದೆ ಮಾತ್ರ ಹಲ್ಲು ಬದಲಾಯಿಸಿ ಮುಂದಿನದನ್ನು ಹಾಗೇ ಬಿಟ್ಟರೆ, ಟಾರು ರೋಡಿನಲ್ಲಿ ಫೋರ್ ವೀಲ್ ಹಾಕಿದ ಕೂಡಲೇ ಮುಂದಿನ ಹಿಂದಿನ ಗಾಲಿಗಳು ಒಂದಕ್ಕೊಂದು ಹಟ ಹಿಡಿದು, ಮುಂದಕ್ಕೂ ಹಿಂದಕ್ಕೂ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಲ್ಲು ಮುರಿಯುತ್ತವೆ.

ನನಗೆ ಬೇಕಾದದ್ದು ಇಷ್ಟು. ನಿಮ್ಮ ಊರಿನ ಕಡೆ ಗಾಡಿಯ ಈ ಭಾಗಕ್ಕೆ ಇರುಸು ಅಂತಾರಾ, ಅಚ್ಚು ಅಂತಾರಾ, ಇನ್ನೇನಾದರೂ ಇದೆಯಾ? ಬಳ್ಳಾರಿ, ರಾಯಚೂರು, ಬೀದರ್ ಕಡೆಯವರು ಮತ್ತು ಗಾಡಿ ಮಾಡುವ ಬಡಗಿಗಳನ್ನು ಬಲ್ಲವರು ದಯವಿಟ್ಟು ಬರೆಯಿರಿ. ಲಾರಿ ಗ್ಯಾರೇಜಿನಲ್ಲಿ ಒಳಗಿನ ಶಾಫ್ಟಿಗೆ ಆಕ್ಸಲ್ ಬಿಟ್ಟು ಬೇರೆ ಹೆಸರು ಯಾರಾದರೂ ಕೇಳಿದ್ದರೆ ಅದನ್ನೂ ತಿಳಿಸಿ, ಬರೀ ಅಡ್ಡಹೆಸರಾದರೂ ಪರವಾಗಿಲ್ಲ. ಅಮೆರಿಕದ ಜೀಪಿನವರು ಡಿಫರೆನ್ಷಿಯಲ್ಲಿನ ಉಬ್ಬಿಗೆ ಕುಂಬಳಕಾಯಿ ಅಂತ ಹೆಸರಿಟ್ಟುಕೊಂಡಿದ್ದಾರೆ. ನಮ್ಮವರು ಏನೂ ಇಟ್ಟಿಲ್ಲ ಅಂದರೆ ನಂಬುವುದು ಕಷ್ಟ.